ಖಾಲಿಯಾದ ಟೆಂಪ್ಲೇಟು

ಪರದೆಯ ಮೇಲೆ ಒಂದೇ ಒಂದು ಸ್ಲೈಡು. ಅದೂ ಖಾಲಿ.

"ನಿನ್ನೆ ಮೂವತ್ತೆರಡಿತ್ತು ಕಣ್ರೀ!" ಯಜಮಾನರು ಕೂಗಿದರು. "ಹನ್ನೊಂದಕ್ಕೆ ಆಸ್ಪತ್ರೆಯವ್ರು ಬರ್ತಾರೆ. ಮಕ್ಕಳ ವಾರ್ಡಿನ ಮಂಚದ ಡಿಸೈನೆಲ್ಲ ಇದ್ರಲ್ಲೇ ಇತ್ತು."

ಆಗ ಹತ್ತು ಗಂಟೆ. ಈ ಪೀಠೋಪಕರಣ ಕಂಪನಿಯ ಕಂಪ್ಯೂಟರ್ ರಿಪೇರಿ ನನ್ನದು. ಇಲ್ಲಿ ಫ್ಯಾನು ನಿಂತರೂ ನನ್ನನ್ನೇ ಕರೆಯುತ್ತಾರೆ.

ಮೂಲೆಯಲ್ಲಿ ಡಿಸೈನರ್ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಪರೀಕ್ಷಾವಧಿ ಇವತ್ತಿಗೆ ಮುಗಿಯುತ್ತದೆ. ಡಿಸೈನು ಒಪ್ಪಿಗೆಯಾದರೆ ಕೆಲಸ ಕಾಯಂ. ಇಲ್ಲದಿದ್ದರೆ ಮನೆ ದಾರಿ.

"ಅವಳೇ ಅಳಿಸಿದ್ದು," ಎಂದ ಮ್ಯಾನೇಜರ್. "ನಿನ್ನೆ ಸಂಜೆ ಆರಕ್ಕೆ ಕಣ್ಣಾರೆ ನೋಡ್ದೆ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದ್ಲು, ಎಲ್ಲಾ ಅಳಿಸಿದ್ಲು, ಸೇವ್ ಒತ್ತಿ ಹೋದ್ಲು. ಗಾಬರೀಲಿ ಆಗಿರ್ಬೇಕು, ಪಾಪ."

"ಸುಳ್ಳು. ನಾನು ಐದೂವರೆಗೇ ಹೊರಟೆ," ಎಂದಳು ಹುಡುಗಿ.

\* \* \*

ವೈರಸ್ಸೇನೂ ಇರಲಿಲ್ಲ. ನನ್ನ ಅನುಮಾನ ಯಜಮಾನರ ಮೇಲೆ ಹೋಯಿತು. ಅವರ ಕಂಪ್ಯೂಟರಿನ ತುಂಬ 'ಪ್ರೆಸೆಂಟೇಶನ್ 1', 'ಪ್ರೆಸೆಂಟೇಶನ್ 2' ಎಂಬ ಹೆಸರಿನ ಫೈಲುಗಳ ರಾಶಿ.

"ನಿನ್ನೆ ನೀವೇನ್ ಮಾಡಿದ್ರಿ?"

"ಮಧ್ಯಾಹ್ನ ತೆರೆದು ಒಂದ್ ಅಕ್ಷರ ದೊಡ್ಡದು ಮಾಡ್ದೆ. ಮುಚ್ಚುವಾಗ ಏನೋ ಕೇಳ್ತು. ಹೂಂ ಅಂದೆ."

"ಏನ್ ಕೇಳ್ತು?"

"ಯಾರಿಗ್ಗೊತ್ತು? ಅದು ಯಾವಾಗ್ಲೂ ಏನಾದ್ರೂ ಕೇಳ್ತಾನೇ ಇರತ್ತೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಮರುಕ್ಷಣವೇ ಮ್ಯಾನೇಜರನ ಮಾತು ನೆನಪಾಯಿತು. ಡಬಲ್ ಕ್ಲಿಕ್!

\* \* \*

ಎಲ್ಲರನ್ನೂ ಪರದೆಯ ಮುಂದೆ ಕೂರಿಸಿದೆ.

"ಫೈಲಿನ ಹೆಸರಿನ ಬಾಲ ನೋಡಿ. ಮಾಮೂಲಿ ಪಿಪಿಟಿಎಕ್ಸ್ ಅಲ್ಲ, ಪಿಓಟಿಎಕ್ಸ್. ಅಂದ್ರೆ ಟೆಂಪ್ಲೇಟು, ಅಚ್ಚಿದ್ದ ಹಾಗೆ. ಮೂಲ ಕೆಡಬಾರದು ಅಂತ ಮುಗಿದ ಕೆಲಸಾನೆಲ್ಲ ಹೀಗೇ ಇಡಿ ಅಂದೋರು ಯಜಮಾನ್ರು. ಡಬಲ್ ಕ್ಲಿಕ್ ಮಾಡಿದ್ರೆ ಮೂಲ ತೆರೆಯಲ್ಲ, ಹೆಸರಿಲ್ಲದ ಹೊಸ ಪ್ರತಿ ಬರತ್ತೆ. ಅದನ್ನ ಎಷ್ಟು ಅಳಿಸಿ ಸೇವ್ ಒತ್ತಿದ್ರೂ ಹೊಸ ಹೆಸರು ಕೇಳತ್ತೆ. ಮೂಲಕ್ಕೇನೂ ಆಗಲ್ಲ."

ಮಾಡಿ ತೋರಿಸಿದೆ. ಮ್ಯಾನೇಜರ್ ಕೂತಲ್ಲೇ ಮಿಸುಕಾಡಿದ.

"ಮೂಲಾನೇ ತೆರೀಬೇಕಾದ್ರೆ ಬಲಗಡೆ ಕ್ಲಿಕ್ ಮಾಡಿ 'ಓಪನ್' ಅನ್ಬೇಕು. ಹೋದ ತಿಂಗಳು ನಿಮಗೊಬ್ರಿಗೇ ಹೇಳಿಕೊಟ್ಟಿದ್ದೆ, ಮ್ಯಾನೇಜರ್ ಸಾರ್."

"ಹೇಳಿಕೊಟ್ರೆ ನಾನೇ ಮಾಡ್ದೆ ಅಂತಲಾ?"

"ಇಲ್ಲ. ಅದಕ್ಕೆ ಸಾಕ್ಷಿ ಬೇರೆ ಇದೆ."

ಇಂಥ ಫೈಲೆಂದರೆ ಹಲವು ಸಣ್ಣ ಫೈಲುಗಳನ್ನು ಕಟ್ಟಿಟ್ಟ ಒಂದು ಗಂಟು. ಪ್ರತಿ ಮಾಡಿ ಬಾಲಕ್ಕೆ 'ಜಿಪ್' ಎಂದು ಹಾಕಿದೆ. ಗಂಟು ಬಿಚ್ಚಿತು. ಕೊನೆಗೆ ಸೇವ್ ಮಾಡಿದವರು ಯಾರು, ಯಾವಾಗ ಎಂಬ ಚೀಟಿ ಒಳಗಿತ್ತು. ಮ್ಯಾನೇಜರನ ಹೆಸರು, ನಿನ್ನೆಯ ತಾರೀಖು, ಸಂಜೆ ಆರು ಹತ್ತು.

ಅವನ ಮುಖ ಸುಣ್ಣ ಬಳಿದಂತಾಯಿತು. "ಇವತ್ತು ಅವಳು ಗೆದ್ರೆ ನನ್ನ ಕುರ್ಚೀಲಿ ಅವಳನ್ನೇ ಕೂರಿಸ್ತಿದ್ರಿ," ಎಂದು ಗೊಣಗಿದ.

"ಈಗ ಕುರ್ಚಿ ಹೇಗೂ ಖಾಲಿ ಆಯ್ತಲ್ಲ, ಎದ್ದೇಳಿ," ಎಂದರು ಯಜಮಾನರು.

\* \* \*

ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ. ಕಳ್ಳ ಸಿಕ್ಕಿದ್ದ, ಮಾಲು ಸಿಕ್ಕಿರಲಿಲ್ಲ. ಹುಡುಗಿ ಮತ್ತೆ ಅಳಲು ಶುರುಮಾಡಿದಳು.

ಯಜಮಾನರ ರಾಶಿ ಕೆದಕಿದೆ. ಅವರೂ ಡಬಲ್ ಕ್ಲಿಕ್ಕೇ ಮಾಡಿರುತ್ತಾರೆ; 'ಹೂಂ' ಎಂದಾಗ ಸೇವ್ ಆದ ಹೊಸ ಪ್ರತಿ ಅಲ್ಲಿರಲೇಬೇಕು. 'ಪ್ರೆಸೆಂಟೇಶನ್ 47' ತೆರೆದೆ. ಮೂವತ್ತೆರಡು ಸ್ಲೈಡೂ ಇದ್ದವು. ಈ ಕಸ ಅಳಿಸಿ ಎಂದು ಆರು ತಿಂಗಳಿಂದ ಬಾಯಿ ಬಡಿದುಕೊಂಡಿದ್ದೆ. ಪುಣ್ಯಕ್ಕೆ ಯಾರೂ ನನ್ನ ಮಾತು ಕೇಳಿರಲಿಲ್ಲ.

ಮೊದಲ ಸ್ಲೈಡಿನಲ್ಲಿ ಒಂದಕ್ಷರ ಮಾತ್ರ ಕುಂಬಳಕಾಯಿಯಷ್ಟು ಊದಿಕೊಂಡಿತ್ತು.

"ಅದನ್ನ ಚಿಕ್ಕದು ಮಾಡ್ಲಾ ಅಕ್ಕ?" ಹುಡುಗಿ ಮೂಗೊರೆಸಿಕೊಂಡು ಕೇಳಿದಳು.

"ಯಾರೂ ಏನೂ ಮುಟ್ಬೇಡಿ!" ಎಂದೆ. "ಆಸ್ಪತ್ರೆಯವ್ರು ಬಂದ್ರು, ಹೋಗು."