ಅನಾಫಿ ದ್ವೀಪದಾಗ ಏನೈತಿ?

"ಇಷ್ಟೇನಾ?"

ಶಾಂಭವಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಬೆಂಚಿನ ಮೇಲೆ ಎರಡು ಥರ್ಮಾಕೋಲ್ ದ್ವೀಪಗಳಿದ್ದವು. ಒಂದು ಅವಳದು. ಅದರ ತುಂಬ ಬಿಳಿ ಮನೆಗಳು, ನೀಲಿ ಗುಮ್ಮಟಗಳು, ಮೆಟ್ಟಿಲುಗಳು, ಹೋಟೆಲುಗಳು. ಕೆಳಗೆ ನೀಲಿ ಕಾಗದದ ಸಮುದ್ರದಲ್ಲಿ ಟೂತ್‌ಪೇಸ್ಟ್ ಡಬ್ಬಿಯ ದೊಡ್ಡ ಹಡಗು.

ಇನ್ನೊಂದು ರೇಖಾಳದು. ಅದರಲ್ಲಿ ಒಂದು ಗುಡ್ಡ. ಗುಡ್ಡದ ತಲೆಯ ಮೇಲೆ ಒಂದಿಷ್ಟು ಪುಟ್ಟ ಮನೆ. ಕೆಳಗೆ ದಡದಲ್ಲಿ ಏನೋ ಕಡ್ಡಿ ಚೂರುಗಳಿದ್ದವು.

"ಹ್ಞೂಂ," ಎಂದಳು ರೇಖಾ.

"ಒಂದ್ ವಾರದಿಂದ ಮಾಡಾಕತ್ತೀಯಲೇ! ಏನೂ ಇಲ್ಲಲ್ಲ ಇದ್ರಾಗ!"

ರೇಖಾ ತನ್ನ ದ್ವೀಪ ನೋಡಿದಳು. ಶಾಂಭವಿಯ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

"ಹೋಗ್ಲಿ ಬಿಡು. ನೀ ಹೇಳಾದ್ರಾಗ ಬೆಲ್ ಹೊಡಿತಾರ," ಎಂದು ಶಾಂಭವಿ ಬ್ಯಾಗ್ ಎತ್ತಿಕೊಂಡಳು.

ಹರಪನಹಳ್ಳಿಯ ಅವರ ಶಾಲೆಯಲ್ಲಿ ಶನಿವಾರ ಎಕ್ಸಿಬಿಷನ್ ಇತ್ತು. ಮಂಜಮ್ಮ ಮಿಸ್ ಐದನೇ ಕ್ಲಾಸಿನ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಜೋಡಿಗೊಂದು ದೇಶ ಹಂಚಿದ್ದರು. ಶಾಂಭವಿ, ರೇಖಾ ಜೋಡಿಗೆ ಬಂದದ್ದು ಗ್ರೀಸ್ ದೇಶದ ದ್ವೀಪಗಳು.

"ಬರೀ ಫೋಟೊದಾಗ ಕಾಣೋ ಜಾಗ ತೋರ್ಸಿದ್ರ ಸಾಲದು," ಎಂದಿದ್ದರು ಮಿಸ್. "ಗದ್ದಲ ಇರೋ ದ್ವೀಪ ಒಂದು, ಗದ್ದಲ ಇಲ್ಲದ ದ್ವೀಪ ಒಂದು. ಇಬ್ರೂ ಒಂದೊಂದು..."

"ನಂದು ಸ್ಯಾಂಟೊರಿನಿ ಮಿಸ್!" ಮಿಸ್ ಮಾತು ಮುಗಿಸುವ ಮೊದಲೇ ಶಾಂಭವಿ ಕೂಗಿದ್ದಳು. ಹೊತ್ತು ಮುಳುಗುವುದನ್ನು ನೋಡಲು ಅಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ ಸೇರುತ್ತಾರಂತೆ. ರೇಖಾಳಿಗೆ ಉಳಿದದ್ದು ಅದರ ಪಕ್ಕದ ಅನಾಫಿ. ಅದರ ಹೆಸರನ್ನು ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ.

ರೇಖಾ ಈ ವರ್ಷವೇ ಶಾಲೆಗೆ ಸೇರಿದವಳು. ಚಿಗಟೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಏನಾದರೂ ಕೇಳಿದರೆ ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಕಿಟಕಿ ನೋಡುತ್ತಾಳೆ, ಆಮೇಲೆ ಉಗುರು ನೋಡುತ್ತಾಳೆ. ಕಾಯುವವರಿಗೆ ಆಕಳಿಕೆ ಬರುತ್ತದೆ.

ಶಾಂಭವಿಗೆ ಕಾಯುವ ರೂಢಿಯೇ ಇಲ್ಲ. ಅವಳ ಅಪ್ಪ ಪಂಚಾಕ್ಷರಪ್ಪನದು ಮೆಕ್ಕೆಜೋಳದ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಹೊರಗೆ ಲಾರಿಯ ಹಾರ್ನ್, ಹಮಾಲರ ಕೂಗು. ಒಳಗೆ ಅಪ್ಪನ ಫೋನು, ಅಮ್ಮನ ಮಿಕ್ಸರ್, ಅಣ್ಣ ಗುರುಬಸವರಾಜನ ಮೊಬೈಲಿನಲ್ಲಿ ಕ್ರಿಕೆಟ್. ಆ ಮನೆಯಲ್ಲಿ ಇನ್ನೊಂದು ರೊಟ್ಟಿ ಬೇಕಾದರೂ ಬೇರೆಯವರ ಮಾತಿನ ಮೇಲೆ ಮಾತು ಹಾಕಿಯೇ ಕೇಳಬೇಕು.

ಮಾಡೆಲ್‌ಗಳನ್ನು ರಾತ್ರಿ ಕ್ಲಾಸಿನಲ್ಲಿ ಬಿಡುವಂತಿರಲಿಲ್ಲ. ಬಸ್ಸಿನ ನೂಕಾಟದಲ್ಲಿ ರೇಖಾಳದು ಮುರಿದೀತೆಂದು ಶುಕ್ರವಾರ ಎರಡೂ ದ್ವೀಪಗಳನ್ನು ಶಾಂಭವಿಯೇ ಮನೆಗೆ ತಂದಳು.

"ಇದೇನಲೇ, ಒಂದು ಬರೀ ಬೋಳು ಐತಿ!" ಗುರುಬಸವರಾಜ ನಕ್ಕ. "ಬಂತು ಬಿಡು ನಿಮಗ ಪ್ರೈಜು."

ಶಾಂಭವಿಗೆ ರೇಗಿ ಹೋಯಿತು. ಅಣ್ಣನ ಮೇಲಲ್ಲ, ರೇಖಾಳ ಮೇಲೆ. ಅವಳು ಕತ್ತರಿ, ರಟ್ಟು, ಫೆವಿಕಾಲ್ ಹರಡಿಕೊಂಡು ಕೂತಳು. ಅನಾಫಿಯ ಗುಡ್ಡದ ಮೇಲೆ ಮೂರಂತಸ್ತಿನ ಹೋಟೆಲ್ ಎದ್ದಿತು. ದಡದಲ್ಲಿದ್ದ ಕಡ್ಡಿ ಚೂರುಗಳ ಮೇಲೆ ಸ್ವಿಮ್ಮಿಂಗ್ ಪೂಲ್ ಬಂತು. ಚಾಕೊಲೇಟ್ ಕಾಗದದ ಕೊಡೆಗಳು ಮಿಂಚಿದವು.

ರೇಖಾಳಿಗೆ ಫೋನ್ ಮಾಡಿ ಕೇಳಬೇಕು ಅಂತ ಒಮ್ಮೆ ಅನಿಸಿತ್ತು. ಆದರೆ ಅವಳು ಉತ್ತರ ಕೊಡುವಷ್ಟರಲ್ಲಿ ಎಕ್ಸಿಬಿಷನ್ನೇ ಮುಗಿದಿರುತ್ತದೆ ಅಂದುಕೊಂಡು ಬಿಟ್ಟಳು.

ಶನಿವಾರ ರೇಖಾಳ ಜೊತೆ ಅವಳ ಅಮ್ಮ ಉಚ್ಚಂಗೆಮ್ಮ ಬಂದಿದ್ದರು. ಅವರು ನರ್ಸ್. ಮಗಳ ಮಾಡೆಲ್ ನೋಡಲೆಂದೇ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು.

ರೇಖಾ ಬೆಂಚಿನ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು.

"ಚಂದ ಆಗೈತಿ ಇಲ್ಲ?" ಎಂದಳು ಶಾಂಭವಿ. "ನಾನ ಮಾಡಿದ್ದು. ಥ್ಯಾಂಕ್ಸ್ ಏನ್ ಬ್ಯಾಡ ಬಿಡು."

ಉಚ್ಚಂಗೆಮ್ಮ ಬಗ್ಗಿ ನೋಡಿದರು. "ನಿಂದು ಯಾವುದವ್ವಾ ಇದ್ರಾಗ?"

"ಯಾವುದೂ ಅಲ್ಲ."

ರೇಖಾ ಈ ಸಲ ಕಿಟಕಿ ನೋಡಲಿಲ್ಲ, ಉಗುರು ನೋಡಲಿಲ್ಲ. ಶಾಂಭವಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಅಂದ್ರ? ಅನಾಫಿ ನಿಂದ ಅಲ್ಲೇನು?"

"ನಾ ಮಾಡಿದ್ದು ಅನಾಫಿ. ಇದು ಅನಾಫಿ ಅಲ್ಲ." ರೇಖಾಳ ಮುಖ ಕೆಂಪಾಗಿತ್ತು. "ಎಷ್ಟ್ ಸಲ ಹೇಳಾಕ ಬಂದೆ! ನೀ ಬಿಟ್ಟರ ತಾನ? ನಾ ಬಾಯಿ ತೆಗಿಯಾದ್ರಾಗ ನೀನ ಮಾತಾಡಿ ಮುಗ್ಸಿರ್ತಿ. ನನ್ ಮಾತೂ ನೀನ ಆಡ್ತಿ. ಈಗ ನನ್ ದ್ವೀಪಾನೂ..."

ಅವಳು ಹೊರಗೆ ನಲ್ಲಿಯ ಕಡೆ ಓಡಿದಳು. ಉಚ್ಚಂಗೆಮ್ಮ ಶಾಂಭವಿಯನ್ನು ಒಮ್ಮೆ ನೋಡಿ ಮಗಳ ಹಿಂದೆ ಹೋದರು.

"ಒಳ್ಳೇದು ಮಾಡಾಕ ಹೋದ್ರ ಹಿಂಗ!" ಶಾಂಭವಿ ಗೊಣಗಿದಳು. ಕೇಳಲು ಅಲ್ಲಿ ಯಾರೂ ಇರಲಿಲ್ಲ. "ಅಂಥಾದ್ದು ಏನಿತ್ತು ಇದ್ರಾಗ? ನೋಡೇ ಬಿಡ್ತೀನಿ."

ಅವಳು ಹೋಟೆಲನ್ನು ಹಿಡಿದು ಕಿತ್ತಳು. ರಟ್ಟಿನ ಜೊತೆ ಏನೋ ಪಟಪಟ ಉದುರಿತು. ಸಾಸಿವೆ ಕಾಳು!

ಅವಳು ಬಗ್ಗಿದಳು. ಗುಡ್ಡದ ಮೇಲಿನ ಮನೆಗಳಿಂದ ಕೆಳಗಿನ ದಡದವರೆಗೆ ಒಂದು ಕಾಲುದಾರಿ ಇತ್ತು. ಸಾಸಿವೆಗೆ ಬಿಳಿ ಬಣ್ಣ ಹಚ್ಚಿ, ಒಂದರ ಪಕ್ಕ ಒಂದು ಅಂಟಿಸಿ ಮಾಡಿದ ದಾರಿ. ಬಿಳಿಯ ಮೇಲೆ ಬಿಳಿ, ದೂರದಿಂದ ಕಾಣುವಂತೆಯೇ ಇರಲಿಲ್ಲ. ದಾರಿ ಸೀದಾ ಇಳಿದಿರಲಿಲ್ಲ. ಬಂಡೆ ಬಂದಲ್ಲಿ ಬಳಸಿ, ಕಡಿದಾದಲ್ಲಿ ತಿರುಗಿ, ಹಾವಿನಂತೆ ಹೋಗಿತ್ತು. ನಡುವೆ ಹೋಟೆಲ್ ಇದ್ದಲ್ಲಿ ಈಗ ಬರೀ ತೂತು.

ಶಾಂಭವಿ ಪೂಲನ್ನು ಮಾತ್ರ ಮೆಲ್ಲಗೆ, ಉಗುರಿನಿಂದ ಬಿಡಿಸಿದಳು. ಅದರ ಕೆಳಗಿನ ಕಡ್ಡಿ ಚೂರುಗಳು ಕಸ ಆಗಿರಲಿಲ್ಲ. ಮುರಿದ ಬೆಂಕಿಕಡ್ಡಿಯ ಮನುಷ್ಯರು! ಕೆಲವರು ಈಗ ಅಡ್ಡ ಬಿದ್ದಿದ್ದರು. ನಿಂತವರೆಲ್ಲ ಸಮುದ್ರದ ಕಡೆಗೇ ಮುಖ ಮಾಡಿದ್ದರು. ಒಬ್ಬ ಸಣ್ಣವನಿಗೆ ದಾರದ ಬಾಲದ ನಾಯಿಯೂ ಇತ್ತು.

ಯಾಕೆ ಎಲ್ಲರೂ ಆ ಕಡೆ ನೋಡುತ್ತಿದ್ದಾರೆ?

ರೇಖಾ ಮುಖ ತೊಳೆದುಕೊಂಡು ಬಂದಾಗ ಶಾಂಭವಿ ಬೆಂಚಿನ ಕೆಳಗೆ ಮಂಡಿಯೂರಿ ಸಾಸಿವೆ ಹೆಕ್ಕುತ್ತಿದ್ದಳು.

"ಸಾರಿ ಸಾರಿ ಸಾರಿ," ಎಂದಳು ಒಂದೇ ಉಸಿರಿಗೆ.

ರೇಖಾ ಬಿದ್ದ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸತೊಡಗಿದಳು. ಶಾಂಭವಿ ಅಂಗೈಯಲ್ಲಿ ಸಾಸಿವೆ ಹಿಡಿದು ನಿಂತಳು. ದಾರಿ ಅರ್ಧವೂ ಕೂಡಿರಲಿಲ್ಲ, ಬೆಲ್ ಹೊಡೆಯಿತು. ಜನ ಒಳಗೆ ನುಗ್ಗಿದರು.

ಎಲ್ಲರೂ ಸ್ಯಾಂಟೊರಿನಿಯ ಮುಂದೆ ನಿಂತರು. ಶಾಂಭವಿ ಪಟಪಟ ಹೇಳಿದಳು. ಜನ ತಲೆ ಆಡಿಸಿದರು, ಫೋಟೊ ತೆಗೆದರು, ಈಜಿಪ್ಟಿನ ಪಿರಮಿಡ್ ಕಡೆ ಹೋದರು.

ಆಮೇಲೆ ಪಾಲಣ್ಣ ತಾತ ಬಂದರು. ಅವರು ಕ್ಲಾಸಿನ ಹಾಲಸ್ವಾಮಿಯ ತಾತ. ಬಂದವರೇ ಅನಾಫಿಯ ಮುಂದೆ ನಿಂತು ಕನ್ನಡಕ ಏರಿಸಿಕೊಂಡರು.

"ಇದ್ಯಾವ ಊರವ್ವಾ? ಇಲ್ಲೇನೈತಿ?"

'ಏನೂ ಇಲ್ರಿ ತಾತ, ಇದು ಗದ್ದಲ ಇಲ್ಲದ ಜಾಗ.' ಉತ್ತರ ಶಾಂಭವಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳು ತುಟಿ ಕಚ್ಚಿದಳು.

ರೇಖಾ ಕಿಟಕಿ ನೋಡಿದಳು.

ತಾತ ಕೆಮ್ಮಿದರು.

ರೇಖಾ ಉಗುರು ನೋಡಿದಳು. 'ಅಯ್ಯೋ, ಲಗೂ ಹೇಳು ಲೇ!' ಶಾಂಭವಿಯ ಕಾಲ್ಬೆರಳುಗಳು ಶೂ ಒಳಗೆ ಮುದುಡಿಕೊಂಡವು. ಚಿವುಟಿಬಿಡಲೇ ಅನಿಸಿತು.

"ಇಲ್ಲಿ ದಿನಾ ಹಡಗು ಬರಂಗಿಲ್ರಿ," ಎಂದಳು ರೇಖಾ ಕೊನೆಗೆ. "ವಾರದಾಗ ಕೆಲವು ದಿನ ಅಷ್ಟ. ಗಾಳಿ ಜೋರಾದ್ರ ಅದೂ ಇಲ್ಲ." ತುಸು ತಡೆದಳು. ಶಾಂಭವಿ ಉಸಿರು ಬಿಗಿಹಿಡಿದಳು. "ಹಡಗು ಬರೋ ದಿನ ಮಂದಿ ಗುಡ್ಡ ಇಳಿದು ಕೆಳಗ ಬಂದು ನಿಂದ್ರತಾರ ಅಂತ ನಾ ಅಂದ್ಕೊಂಡೀನ್ರಿ. ತಮ್ಮೋರು ಯಾರೂ ಬರಾದಿಲ್ಲ ಅಂದ್ರೂ ಬರ್ತಾರ. ನಮ್ಮೂರಾಗ ಸಂಜಿ ಬಸ್ ಬರೋ ಹೊತ್ತಿಗೆ ನಮ್ಮಜ್ಜಿ ಕಟ್ಟಿ ಮ್ಯಾಲ ಬಂದು ಕುಂದ್ರತಾಳ. ಯಾರೂ ಇಳಿಯೋರು ಇರಂಗಿಲ್ಲ. ಆದ್ರೂ ಕುಂದ್ರತಾಳ."

"ಹೌದವ್ವಾ, ಹೌದು," ಎಂದರು ತಾತ. ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತು, ಕಡ್ಡಿ ಮನುಷ್ಯರನ್ನು ಬಹಳ ಹೊತ್ತು ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಉಚ್ಚಂಗೆಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು.

ತಾತ ಎದ್ದು ಹೋದ ಮೇಲೆ ಶಾಂಭವಿ ರೇಖಾಳ ಪಕ್ಕಕ್ಕೆ ಸರಿದಳು.

"ಲೇ ರೇಖಾ."

"ಏನು?"

"ಗಾಳಿ ಜೋರಾಗಿ ಹಡಗು ಬರ್ಲಿಲ್ಲ ಅಂತ ತಿಳ್ಕೋ. ಆವಾಗ ಇವ್ರೆಲ್ಲ ಏನ್ ಮಾಡ್ತಾರ?"

ರೇಖಾ ತನ್ನ ಕಡ್ಡಿ ಮನುಷ್ಯರ ಕಡೆ ತಿರುಗಿದಳು. ಯೋಚಿಸತೊಡಗಿದಳು. ಆ ಕಡೆ ಜಪಾನ್ ಜೋಡಿಯ ಮಕ್ಕಳು ಪೀಪಿ ಊದುತ್ತಿದ್ದರು. ಶಾಂಭವಿಗೆ ಅಷ್ಟರಲ್ಲಿ ಒಂದಲ್ಲ, ನಾಲ್ಕು ಉತ್ತರ ಹೊಳೆದಿದ್ದವು. ಎಲ್ಲವನ್ನೂ ನುಂಗಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವಳು ಬೆಂಚಿನ ತುದಿಯಲ್ಲಿ ಕೂತಳು.