ಕಿಟಕಿ ಸೀಟಿನ ನೆರಳು

ಇದನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ ಎಂದು ಬಹಳ ಅಂಜಿದ್ದೇನೆ, ಓದುವವರು ಮನ್ನಿಸಬೇಕು. ಇದರಲ್ಲಿ ತೀರಿಕೊಂಡವರೊಬ್ಬರಿದ್ದಾರೆ. ನಾನು ತಪ್ಪು ಹೇಳಿದರೆ ತಿದ್ದಲು ಅವರು ಬರಲಾರರು. ಆಗ ನಾನು ಹಗಲು ಮಸ್ಕಿಯ ಗೊಬ್ಬರದ ಅಂಗಡಿಯಲ್ಲಿ ಬಿಲ್ ಮಾಡುತ್ತಿದ್ದೆ, ಸಂಜೆ ಸಿಂಧನೂರಿಗೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಕಂಡಷ್ಟನ್ನು ಬರೆಯುತ್ತೇನೆ.

ಮೊದಲ ದಿನ ಲಿಂಗಸುಗೂರಿನಿಂದ ಬಂದ ಬಸ್ಸು ತುಂಬಿತ್ತು. ಕಿಟಕಿ ಪಕ್ಕದ ಒಂದು ಸೀಟಿನಲ್ಲಿ ಮಾತ್ರ ಬ್ಯಾಗು ಕುಳಿತಿತ್ತು. ಅದರ ಈಚೆಗೆ ಹಸಿರು ದುಪಟ್ಟಾದ ಹೆಣ್ಣುಮಗಳು.

"ಯಾರರೆ ಬರೋರದಾರೇನ್ರಿ?"

"ಹೂಂರಿ. ಮಸ್ಕ್ಯಾಗ ಹತ್ತತಾರ."

"ಇದ ಮಸ್ಕಿ ಐತಲ್ರಿ."

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಹತ್ತಲಿಲ್ಲ. ಬಸ್ಸು ಹೊರಟಿತು, ಬ್ಯಾಗು ಅಲ್ಲೇ ಇತ್ತು. ಎಂಥ ಸೊಕ್ಕು ಎಂದುಕೊಂಡು ಸಿಂಧನೂರಿನವರೆಗೆ ಕಂಬಿ ಹಿಡಿದು ನಿಂತೆ.

ಕ್ಲಾಸಿನಲ್ಲಿ ನೋಡಿದರೆ ಅವಳೇ ನನ್ನ ಪಕ್ಕದ ಕುರ್ಚಿಯಲ್ಲಿ. ಹೆಸರು ನಿಶಾತ್, ಮನೆ ಸಿಂಧನೂರು, ಕೆಲಸ ಲಿಂಗಸುಗೂರಿನ ಕನ್ನಡಕದ ಅಂಗಡಿಯಲ್ಲಿ. ಗುರುಬಸವ ಸರ್ ಇಬ್ಬಿಬ್ಬರಿಗೆ ಒಂದು ಪ್ರಾಜೆಕ್ಟ್ ಹಂಚಿದರು: ಕಂಪ್ಯೂಟರಿನೊಳಗೆ ಒಂದು ಜಾಗ ಕಟ್ಟಿ, ಕೋಡ್ ಬರೆದು ಅದಕ್ಕೆ ಬೆಳಕು ಕೊಡಬೇಕು.

"ಬಸ್ಸಿನ ಒಳಗ ಮಾಡೋಣ್ರಿ. ಸಂಜಿ ಬೆಳಕು," ಎಂದಳು.

"ನಿಂತು ಬರೋರಿಗೂ ಜಾಗ ಇರತೈತೇನ್ರಿ?"

ಅವಳು ತುಟಿ ಕಚ್ಚಿ ನಗು ತಡೆದಳು. ಆದರೂ ಅದು ಕಣ್ಣಿನಿಂದ ಹೊರಗೆ ಬಂತು.

ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಕಂಪ್ಯೂಟರಿಗೆ ಹಾಕಿಕೊಳ್ಳುವುದರಲ್ಲೇ ವಾರ ಕಳೆಯಿತು. ಬರೆದ ಕೋಡನ್ನು ಚಿತ್ರವಾಗಿಸಲು ಬಿಲ್ಡ್ ಒತ್ತಿದಾಗಲೆಲ್ಲ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ಕೊನೆಗೊಂದು ಸಂಜೆ ನಮ್ಮ ಬಸ್ಸು ಕಾಣಿಸಿತು, ಆದರೆ ಸೀಟುಗಳ ಅಡಿಭಾಗವಷ್ಟೇ ಹೊಳೆಯುತ್ತಿತ್ತು. ಬೆಳಕಿನ ದಿಕ್ಕಿಗೆ ನಾನು ಮೈನಸ್ ಹಾಕುವುದನ್ನು ಮರೆತಿದ್ದೆ, ಅದು ಕೆಳಗಿನಿಂದ ಮೇಲಕ್ಕೆ ಬೀಳುತ್ತಿತ್ತು.

"ನಿಮ್ಮ ಮಸ್ಕ್ಯಾಗ ಸೂರ್ಯ ರೋಡಿನ ಬುಡದಾಗಿಂದ ಬರ್ತಾನೇನ್ರಿ, ಜಾಹೀದ್?"

"ನಿಮ್ಮ ಲಿಂಗಸೂರಾಗ ಮುಳಿಗಿದ್ದ ಅಲ್ಲೇನ್ರಿ, ಹಂಗ ಬಂದಾನ."

ಓರೆಗಣ್ಣಿನಲ್ಲಿ ನೋಡಿದಳು. ಪರದೆಯ ಬೆಳಕು ಅವಳ ರೆಪ್ಪೆಯ ಮೇಲಿತ್ತು. ಆ ಬೆಳಕಿಗೆ ಯಾವ ಕೋಡ್ ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಆಮೇಲೆ ದಿನವೂ ಬಸ್ಸಿನಲ್ಲಿ ಅವಳ ಪಕ್ಕವೇ ನಿಂತು ಮಾತಾಡುತ್ತಾ ಬರುತ್ತಿದ್ದೆ. ಬ್ಯಾಗು ಮಾತ್ರ ಸರಿಯಲಿಲ್ಲ. ನಾನೂ ಕೇಳಲಿಲ್ಲ.

ಒಂದು ದಿನ ಪ್ರಾಜೆಕ್ಟ್ ತೆರೆದಾಗ, ನಮ್ಮ ಬಸ್ಸಿನ ಕಿಟಕಿ ಸೀಟಿನ ಬೆನ್ನಿನ ಮೇಲೆ ಮನುಷ್ಯನ ನೆರಳು ಬಿದ್ದಿತ್ತು. ತುಸು ಬಾಗಿದ ತಲೆ, ಒಂದು ಭುಜ. ಸೀಟಿನಲ್ಲಿ ಯಾರೂ ಇರಲಿಲ್ಲ.

ಗುರುಬಸವ ಸರ್ ಹಿಂದಿನಿಂದ ಬಗ್ಗಿ ನೋಡಿದರು. "ಯಾರ್ರೀ ಅಂವ? ಟಿಕೆಟ್ ಇಲ್ಲದ ಕುಂತಾನಲ್ಲ."

ಕ್ಲಾಸೆಲ್ಲ ನಕ್ಕಿತು. ನಿಶಾತ್ ನಗಲಿಲ್ಲ.

ನೆರಳು ಬಿದ್ದ ಕಾರಣ ನನಗೆ ಗೊತ್ತಿತ್ತು. ನೆರಳುಗಳನ್ನು ಪ್ರತಿ ಸಲವೂ ಲೆಕ್ಕ ಹಾಕಿದರೆ ಅಲ್ಲಿಯ ಹಳೆಯ ಕಂಪ್ಯೂಟರು ನಿಂತೇಬಿಡುತ್ತಿತ್ತು. ಅದಕ್ಕೇ ಒಮ್ಮೆ ಲೆಕ್ಕ ಹಾಕಿ, ಚಿತ್ರದ ಹಾಗೆ ಸೀಟುಗಳಿಗೆ ಅಂಟಿಸಿಟ್ಟಿದ್ದೆವು. ಯಾರೋ ಅಲ್ಲೊಂದು ಆಕೃತಿ ಕೂರಿಸಿ, ಅದರ ನೆರಳು ಅಂಟಿದ ಮೇಲೆ ತೆಗೆದಿದ್ದರು. ಆಕೃತಿ ಹೋಗಿತ್ತು, ಅಂಟಿಸಿದ ನೆರಳು ಉಳಿದಿತ್ತು.

"ಹಳೇದೆಲ್ಲಾ ಅಳಿಸಿ ಹೊಸದಾಗಿ ಬಿಲ್ಡ್ ಮಾಡಿದ್ರ ಹೋಗತೈತ್ರಿ," ಎಂದು ಮೌಸ್ ಹಿಡಿದೆ.

ಅವಳ ಕೈ ನನ್ನ ಕೈಮೇಲೆ ಬಿತ್ತು. ತಣ್ಣಗಿತ್ತು. "ಬ್ಯಾಡ್ರಿ."

ಮರುದಿನ ಬಸ್ಸು ಮಸ್ಕಿ ದಾಟಿದ ಮೇಲೆ ಅವಳೇ ಹೇಳಿದಳು.

"ಆ ನೆರಳು ಆಸೀಮ್ ಅವರದು. ನಮ್ಮ ಮನಿಯವರು. ಮಸ್ಕ್ಯಾಗ ಕೆಲಸ ಇತ್ತು. ನಾ ಲಿಂಗಸೂರಿಂದ ಸೀಟ್ ಹಿಡಕೊಂಡ್ ಬರ್ತಿದ್ದೆ, ಅವರು ಇಲ್ಲಿ ಹತ್ತತಿದ್ರು. ಹ್ವಾದ ವರ್ಷ ಜ್ವರ ಬಂದು ತೀರಿಕೊಂಡ್ರು. ಬ್ಯಾಗ್ ಇಡೋದು ಬಿಡಾಕ ಆಗವಲ್ದು."

ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದೆ.

"ಗೊಂಬಿ ಮಾಡಿ ಕುಂದ್ರಸಿದ್ದೆ. ನಾಚಿಕಿ ಬಂದು ತಗದೆ. ನೆರಳು ನಾ ಇಟ್ಟಿಲ್ಲ ಜಾಹೀದ್. ತಾನ ಉಳೀತು."

ಹಿಂದಿನಿಂದ ಬೀಳುತ್ತಿದ್ದ ಬಿಸಿಲು ಖಾಲಿ ಸೀಟಿನ ಮೇಲೆ ಅಲುಗುತ್ತಿತ್ತು. ಅತ್ತ ನೋಡಲು ನನಗೆ ಧೈರ್ಯವಾಗಲಿಲ್ಲ. ಅಮ್ಮಿ ನನಗೊಂದು ಹೆಣ್ಣು ನೋಡಿಟ್ಟಿದ್ದರು. ಶುಕ್ರವಾರ ಜವಾಬು ಕೊಡಬೇಕಿತ್ತು. ಅಷ್ಟರೊಳಗೆ ನಿಶಾತಳಿಗೆ ನನ್ನ ಮನಸ್ಸು ಹೇಳಬೇಕೆಂದಿದ್ದೆ. ಈಗ ಯಾವ ಬಾಯಿಂದ ಹೇಳಲಿ? ಇನ್ನೂ ಒಬ್ಬರು ಕುಳಿತಿರುವ ಜಾಗಕ್ಕೆ ಟವೆಲ್ ಹಾಕಿದ ಹಾಗಾಗುತ್ತದೆ.

ಗುರುವಾರ ಸರ್ ಪ್ರಾಜೆಕ್ಟ್ ನೋಡುವವರಿದ್ದರು. ಬೇಗ ಹೋಗಿ ಕುಳಿತೆವು.

"ನೆರಳು ಇರ್ಲಿರಿ," ಎಂದೆ. "ಮಾರ್ಕ್ಸ್ ಕಡಿಮಿ ಬಂದ್ರ ಬರ್ಲಿ."

"ನಿಮಗೇನೂ ಅನಸಂಗಿಲ್ಲೇನು?"

"ಅನಸತೈತಿ." ಕುರ್ಚಿಯನ್ನು ಅವಳ ಕಡೆ ತಿರುಗಿಸಿದೆ. "ನಿಮ್ಮ ಅಮ್ಮಿ ಹತ್ರ ಮಾತಾಡಾಕ ನಮ್ಮ ಅಮ್ಮಿನ್ನ ಕಳಸಬೇಕು ಅನಸತೈತಿ. ಅವರನ್ನ ಮರೀರಿ ಅಂತ ಹೇಳಾಕತ್ತಿಲ್ರಿ. ಅವರು ಇದ್ರೂ ನಡೀತೈತಿ. ನೀವು ಒಲ್ಲೆ ಅಂದ್ರೂ ಬಸ್ಸಿನ್ಯಾಗ ನಿಂತು ಮಾತಾಡೋದು ತಪ್ಪಸಂಗಿಲ್ಲ."

ಅವಳು ಪರದೆಯ ಮೇಲಿನ ನೆರಳನ್ನು ನೋಡಿದಳು. ಆಮೇಲೆ ಮೌಸ್ ತನ್ನ ಕಡೆ ಎಳೆದುಕೊಂಡಳು. ಹಳೆಯ ನೆರಳುಗಳ ಫೈಲನ್ನು ತಾನೇ ಅಳಿಸಿದಳು. ಬಿಲ್ಡ್ ಒತ್ತುವ ಮೊದಲು ಪರದೆಯ ಹತ್ತಿರ ಬಾಗಿದಳು, ತುಟಿಗಳು ಅಲುಗಿದವು. ಕಂಪ್ಯೂಟರಿನ ಫ್ಯಾನು ಗೊರಗೊರ ಎನ್ನುತ್ತಿತ್ತು, ಏನೂ ಕೇಳಿಸಲಿಲ್ಲ.

ಪರದೆ ಕಪ್ಪಾಯಿತು. ಬಳಿಕ ಬೆಳಕು ಮೇಲಿನಿಂದ ಸಾಲುಸಾಲಾಗಿ ಇಳಿಯಿತು: ಕಂಬಿ, ಕಿಟಕಿ, ಸೀಟಿನ ಬೆನ್ನು. ಅಲ್ಲಿ ಬಿಸಿಲು ಮಾತ್ರ ಇತ್ತು.

"ಭಾಳ ಬಿತ್ತು ಬಿಸಿಲು," ಎಂದು ಕಣ್ಣೊರಸಿಕೊಂಡಳು.

"ಕಡಿಮಿ ಮಾಡ್ಲೇನ್ರಿ?"

"ಬ್ಯಾಡ." ನನ್ನ ಕಡೆ ತಿರುಗಿ, "ನಾಳೆ ಆ ಹೆಣ್ಣಿನ ಮನಿಯವರಿಗೆ ಇಲ್ಲ ಅಂತ ಹೇಳಿಸ್ರಿ. ನಿಮ್ಮ ಅಮ್ಮಿ ಐತವಾರ ಬರ್ಲಿ."

"ಆ ಹೆಣ್ಣಿನ ಸುದ್ದಿ ನಿಮಗ ಯಾರು ಹೇಳಿದ್ರು?"

"ಅಂಗಡಿಗೆ ಮಸ್ಕಿಯವರೂ ಬರ್ತಾರ್ರಿ," ಎಂದಳು. ಒದ್ದೆ ರೆಪ್ಪೆಗಳ ನಡುವೆ ಆ ಹಳೆಯ ನಗು ಇತ್ತು.

ಅಮ್ಮಿ ಭಾನುವಾರ ಅವರ ಮನೆಗೆ ಹೋದರು. ನಿಕಾಹ್ ಆಗಿ ಈಗ ನಾವು ಸಿಂಧನೂರಿನಲ್ಲೇ ಇದ್ದೇವೆ. ಆದರೆ ಬಿಲ್ಡ್ ಒತ್ತುವ ಮೊದಲು ಅವಳು ಆಸೀಮ್ ಅವರಿಗೆ ಏನು ಹೇಳಿದಳು? ಹೋಗಿ ಬರ್ರಿ ಅಂದಳೋ, ಅಪ್ಪಣೆ ಕೇಳಿದಳೋ? ನಾನು ಕೇಳಿಲ್ಲ, ಅವಳು ಹೇಳಿಲ್ಲ. ನನಗೆ ಗೊತ್ತಿಲ್ಲ.