ಬೆಡ್‌ರೂಮಿಗೆ ನೆಗಡಿ

ಕೆಳಗೆ ನೋಡಬಾರದು ಎಂದುಕೊಂಡೇ ನೋಡಿದೆ.

ನಾಲ್ಕು ಮಹಡಿ!

ನನ್ನ ಅರ್ಧ ದೇಹ ಬಾಲ್ಕನಿಯ ಆಚೆ. ಕುತ್ತಿಗೆಯ ಮೇಲೆ ಬ್ರೋಕರ್ ಕರೆತಂದ ಪೈಲ್ವಾನನ ಕೈ.

"ಹುಡುಗಿ ಕೈಲಿ ಅಗ್ರಿಮೆಂಟ್‌ಗೆ ಸೈನ್ ಮಾಡ್ಸು!" ಎಂದ ಬ್ರೋಕರ್. "ಇಂಥ ವ್ಯೂ ಎಲ್ಲಿ ಸಿಗುತ್ತೆ?"

ವ್ಯೂ ಚೆನ್ನಾಗಿಯೇ ಇತ್ತು... ತಲೆಕೆಳಗಾಗಿ!

ನಾನು ಕೇಳಿದ್ದಾದರೂ ಏನು? ಒನ್ ಬೆಡ್‌ರೂಮ್ ಮನೆಯಲ್ಲಿ ಬೆಡ್‌ರೂಮ್ ತೆಗೆದು ತೋರಿಸಿ ಎಂದೆ. ಅಷ್ಟೇ! ಅದರ ಬಾಗಿಲು ಮುಚ್ಚಿತ್ತು. ಒಳಗೆ ಓನರ್ ಸಾಮಾನಂತೆ. ಕೀ ನಾಳೆ ಬರುತ್ತಂತೆ. ಸೈನ್ ಮಾತ್ರ ಇವತ್ತೇ ಬೇಕಂತೆ!

ಇನ್ನೊಬ್ಬರ ತಕರಾರು ಬಗೆಹರಿಸುವುದು ನನ್ನ ಕಸುಬು. ಈ ಸಲ ಮನೆ ಬೇಕಾಗಿದ್ದುದು ಅಕ್ಕನ ಮಗಳಿಗೆ. ನರ್ಸ್. ಇವತ್ತು ಸಂಜೆ ಅವಳ ಹಾಸ್ಟೆಲ್‌ಗೆ ಬೀಗ. ಮನೆ ಸಿಗದಿದ್ದರೆ ಪೆಟ್ಟಿಗೆ ಸಮೇತ ಬೀದಿಗೆ.

"ಮಾಮನ್ನ ಬಿಡ್ರೀ! ಸೈನ್ ಮಾಡ್ತೀನಿ..." ಎಂದು ಅವಳು ಪೆನ್ನು ಎತ್ತಿದಳು.

ಆಗ...

"ಆಕ್ಷೀ!"

ಬೆಡ್‌ರೂಮ್ ಸೀನಿತು!

"ಬೆಕ್ಕು," ಎಂದ ಬ್ರೋಕರ್.

"ಬೆಕ್ಕಿಗೆ ನೆಗಡಿನಾ?" ಎಂದಳು ನಮ್ಮ ನರ್ಸ್.

"ಬೆಕ್ಕು ನಿಮ್ಮಪ್ಪ!" ಎಂದಿತು ಬೆಡ್‌ರೂಮ್.

ಒಳಗಿನಿಂದ ಚಿಲಕ ಸರಿಯಿತು. ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ.

"ಈ ಮನೆ ಬಾಡಿಗೆಯವಳು ನಾನು! ಓನರ್‌ಗೂ ಹೇಳದೇನೇ ಈ ಬ್ರೋಕರ್ ಬೆಳಗ್ಗೆ ಬಂದು ಖಾಲಿ ಮಾಡು ಅಂತಾನೆ. ಒಳಗೆ ಸೇರಿ ಚಿಲಕ ಹಾಕ್ಕೊಂಡೆ!"

ಪೈಲ್ವಾನನ ಹಿಡಿತ ಸಡಿಲವಾಯಿತು. ಒಳಕ್ಕೆ ಜಾರಿ ಮೊಣಕೈಯಿಂದ ಅವನ ಹೊಟ್ಟೆಗೆ ಕೊಟ್ಟೆ. ಹಾಸಿಗೆಗೆ ಗುದ್ದಿದ ಹಾಗಾಯಿತು... ಆದರೂ ಕೂತ!

ಬ್ರೋಕರ್ ಕಾಲಿಗೆ ಬುದ್ಧಿ ಹೇಳಿದ. ನಾನು ಬೆನ್ನಟ್ಟಿದೆ. ಮೆಟ್ಟಿಲು ಇಳಿದಿದ್ದರೆ ತಪ್ಪಿಸಿಕೊಳ್ಳುತ್ತಿದ್ದ. ಲಿಫ್ಟ್ ಬಟನ್ ಒತ್ತಿ ನಿಂತ! 'ಲಿಫ್ಟ್ ಸೌಲಭ್ಯ ಉಂಟು' ಎಂದು ಅವನೇ ಬರೆಸಿದ್ದ, ಕೆಟ್ಟು ಕೂತ ಲಿಫ್ಟು ಅದು. ತನ್ನ ಜಾಹೀರಾತನ್ನು ತಾನೇ ನಂಬಿದ ಮೊದಲ ಬ್ರೋಕರ್!

ಕೊರಳಪಟ್ಟಿ ಹಿಡಿದೆ. ಮುಂಬಾಗಿಲ ಕಳ್ಳ ಕೀ ಕಿತ್ತುಕೊಂಡೆ. ಬಿಟ್ಟೆ. ಇಂಗು ತಿಂದ ಮಂಗನಂತೆ ಇಳಿದು ಹೋದ.

ಮನೆಯೊಳಗೆ ಅಷ್ಟರಲ್ಲಿ ಇಂಟರ್‌ವ್ಯೂ ನಡೆದಿತ್ತು.

"ಒಬ್ಬಳೇ ಇದ್ರೆ ತಾನೆ ಇವನ ಹಾರಾಟ? ಹಾಲ್‌ನಲ್ಲಿ ಇರ್ತೀಯೇನೇ? ಓನರ್‌ಗೆ ನಾನು ಹೇಳ್ತೀನಿ. ಗೊರಕೆ ಹೊಡೀತೀಯಾ?"

"ಇಲ್ಲ, ಆಂಟಿ."

"ನಾನು ಹೊಡೀತೀನಿ. ಪೆಟ್ಟಿಗೆ ತಗೊಂಬಾ."

ನಾನು ಒಳಗೆ ಕಾಲಿಟ್ಟೆ. ಕತ್ತರಿ ಅಡ್ಡ ಬಂತು!

"ಗಂಡಸರು ಹೊರಗೆ."

"ನಾನು ಅವಳ ಮಾಮ!"

"ಮಾಮ ಆದ್ರೆ ಗಂಡಸಲ್ವಾ?"

ಬಾಗಿಲು ಮುಚ್ಚಿತು. ಆಗಲೇ ಹೊರಬಿದ್ದಿದ್ದ ಪೈಲ್ವಾನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತಿದ್ದ.

"ಸಾರ್... ನಂಗೂ ಒಂದು ರೂಮ್ ಇದ್ರೆ ನೋಡಿ. ಈ ಮುಖಕ್ಕೆ ಯಾರೂ ಕೊಡ್ತಿಲ್ಲ."

"ನಿಮ್ಮ ಬ್ರೋಕರ್‌ನ ಕೇಳೋದಲ್ವೇನಯ್ಯಾ?"

"ಕೇಳ್ದೆ ಸಾರ್. ಅವನೂ ಆಫೀಸಲ್ಲೇ ಮಲಗೋದು!"